ನಾಲ್ಕು ಪರ್ಸೆಂಟ್

ಪೇಪರ್ ಬರೆಯೋರು ಯಾರೂ ಪೇಪರ್ ಓದಲ್ಲ. ಇದು ನಾನು ಲೈಬ್ರರಿಯಲ್ಲಿ ಕೂತು ಕಂಡುಕೊಂಡ ಸತ್ಯ. ಇದಕ್ಕೆ ಯಾರೂ ಪಿಎಚ್‌ಡಿ ಕೊಡಲ್ಲ, ಬಿಡಿ.

ತುಮಕೂರು ರಸ್ತೆಯಲ್ಲಿ ದಾಸರಹಳ್ಳಿ ದಾಟಿದ ಮೇಲೆ ನಮ್ಮ ಕ್ಯಾಂಪಸ್ಸು. ಒಂದೇ ಮ್ಯಾನೇಜ್‌ಮೆಂಟು, ಒಳಗೆ ನರ್ಸಿಂಗು, ಬಿ.ಎಡ್., ಸೈನ್ಸು, ಎಲ್ಲ ಇದೆ. ಯಾರು ಏನೇ ಸಂಶೋಧನೆ ಮಾಡಲಿ, ಅಚ್ಚಿಗೆ ಹೋಗೋ ಮುಂಚೆ ನನ್ನ ಟೇಬಲ್ಲಿಗೆ ಬರಬೇಕು. ಅದರಲ್ಲಿ ಕದ್ದದ್ದು ಎಷ್ಟು ಅಂತ ಸಾಫ್ಟ್‌ವೇರ್ ಹೇಳುತ್ತೆ. ಬೆಳಗ್ಗೆ ರೇಷ್ಮೆಹುಳದ ಹೊಟ್ಟೆಯ ಬ್ಯಾಕ್ಟೀರಿಯಾ ಬಂದರೆ ಮಧ್ಯಾಹ್ನ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಸಂಜೆಗೆ ಹೈಸ್ಕೂಲ್ ಮಕ್ಕಳಿಗೆ ಲೆಕ್ಕ ಅಂದರೆ ಯಾಕೆ ಭಯ. ವಿಷಯ ಏನಾದರೂ ಇರಲಿ, ಎಲ್ಲರ ಪ್ರಶ್ನೆ ಒಂದೇ: "ಯಮುನಾ ಮೇಡಂ, ಹತ್ತರೊಳಗೆ ಬಂತಾ?" ಹತ್ತು ಪರ್ಸೆಂಟ್‌ಗಿಂತ ಕಮ್ಮಿ ಬಂದರೆ ಸೀಲು ಒತ್ತಿ ಸೈನ್ ಹಾಕ್ತೀನಿ. ಒಳಗೆ ಏನಿದೆ ಅಂತ ನಾನೂ ಓದಲ್ಲ. ಓದ್ತಾ ಕೂತರೆ ಪುಸ್ತಕ ಕೊಡೋರು ಯಾರು?

ನನ್ನದೂ ಒಂದು ಪಿಎಚ್‌ಡಿ ಸಂಶೋಧನೆ ಇತ್ತು. ಫ್ಯಾಕ್ಟರಿಗೆ ಹೋಗೋ ಹೆಂಗಸರಿಗೆ ಕಾಯಿಲೆ ಬಂದರೆ ಅದರ ಬಗ್ಗೆ ಯಾರನ್ನ ಕೇಳಿ ತಿಳ್ಕೋತಾರೆ ಅನ್ನೋದು. ಲೈಬ್ರರಿ ಸೈನ್ಸಲ್ಲಿ ಇದೂ ಒಂದು ವಿಷಯಾನಾ ಅಂತ ನಮ್ಮ ಮನೇಲೇ ನಕ್ಕರು. ಭಾನುವಾರ ಬಂತು ಅಂದರೆ ನಾನು ಲಗ್ಗೆರೆಯಲ್ಲಿ ಇರ್ತಿದ್ದೆ, ಫೋನಲ್ಲಿ ರೆಕಾರ್ಡ್ ಮಾಡ್ಕೋತಿದ್ದೆ. ಅವರು ಮಾತಾಡಿದ್ದು ಕನ್ನಡ, ನಾನು ಬರೆದಿದ್ದೂ ಕನ್ನಡ. ಇದು ಮುಗಿದರೆ ನನ್ನ ಕೆಲಸ ಪರ್ಮನೆಂಟು. ಇಲ್ಲದಿದ್ದರೆ ಪ್ರತಿ ಜೂನಲ್ಲೂ ಪ್ರಿನ್ಸಿಪಾಲರ ಮುಂದೆ ಹಲ್ಲು ಗಿಂಜಿಕೊಂಡು ನಿಲ್ಲಬೇಕು.

ಅಂಜಿನಮ್ಮಕ್ಕ ಸಿಕ್ಕಿದ್ದು ಅಲ್ಲೇ. ಗಾರ್ಮೆಂಟ್ಸಲ್ಲಿ ಕಾಲರ್ ಹೊಲಿಯೋ ಹೆಂಗಸು. ಮೊದಲು ಬಾಯೇ ಬಿಡಲಿಲ್ಲ. ಮೂರ್ನಾಲ್ಕು ಸಲ ಹೋದ ಮೇಲೆ, ಬಾಗಿಲು ಹಾಕಿ ಹೇಳಿದರು: ಅವರಿಗೆ ಟಿ.ಬಿ. ಆಗಿತ್ತು. ಲಗ್ಗೆರೆ ಅಂಗಡೀಲಿ ಕೇಳಿದರೆ ಬೀದಿಗೆಲ್ಲ ಗೊತ್ತಾಗುತ್ತೆ ಅಂತ ಬಸ್ ಹತ್ತಿ ದಾಸರಹಳ್ಳಿಗೆ ಹೋಗಿ, ಗುರುತಿಲ್ಲದ ಮೆಡಿಕಲ್ ಸ್ಟೋರಲ್ಲಿ ಕೇಳಿ ತಿಳ್ಕೊಂಡಿದ್ರು. ಮಾತ್ರೆ ಎಲ್ಲ ಮುಗಿಸಿ ವಾಸಿನೂ ಆಯ್ತು. ಗಂಡನಿಗೂ ಶಕ್ತಿ ಮಾತ್ರೆ ಅಂತಲೇ ಹೇಳಿದ್ದು. "ಓನರಮ್ಮಂಗೆ ಗೊತ್ತಾದ್ರೆ ಮನೆ ಖಾಲಿ ಮಾಡಿಸ್ತಾಳೆ ಕಣವ್ವ. ನಿಂಗೊಬ್ಳಿಗೇ ಏಳಿರದು," ಅಂದರು. ಹೆಸರು ಬದಲಾಯಿಸಿ ಬರೀತೀನಿ, ಯಾರಿಗೂ ಹೇಳಲ್ಲಕ್ಕ ಅಂದೆ. ನನ್ನ ಇಡೀ ಅಧ್ಯಯನ ನಿಂತಿದ್ದು ಆ ಮಾತಿನ ಮೇಲೆ.

ಬರೆದು ಮುಗಿಸಿದಾಗ ಅದನ್ನ ಕೃಪಾಗೆ ಕೊಟ್ಟೆ. ಬಿ.ಎಡ್. ವಿಭಾಗದ ಕೃಪಾ. ಇಬ್ಬರೂ ಒಂದೇ ಮೆಟ್ರೋದಲ್ಲಿ ಬರೋರು, ಒಂದೇ ಡಬ್ಬಿಯಲ್ಲಿ ಉಣ್ಣೋರು. ನನಗೆ ಗರ್ಭ ನಿಲ್ಲದೇ ಹೋದಾಗ ರಜೆ ಹಾಕಿ ಆಸ್ಪತ್ರೆಯಲ್ಲಿ ನನ್ನ ಜೊತೆ ಇದ್ದವಳು. "ಕೊಡೇ, ಒಂದ್ಸಲ ಓದಿ ತಪ್ಪು ತಿದ್ದಿ ಕೊಡ್ತೀನಿ," ಅಂದಳು. ಹೆಸರುಗಳನ್ನ ಕೊನೆಗೆ ಬದಲಾಯಿಸೋಣ ಅಂತ ಹಾಗೇ ಬಿಟ್ಟಿದ್ದೆ. ಕೃಪಾ ತಾನೇ ಓದೋದು ಅಂದುಕೊಂಡೆ.

ಮುಂದಿನ ತಿಂಗಳು ಅವಳದೇ ಒಂದು ಇಂಗ್ಲಿಷ್ ಪೇಪರ್ ನನ್ನ ಟೇಬಲ್ಲಿಗೆ ಬಂತು. ವಯಸ್ಕರ ಶಿಕ್ಷಣ, ಆರೋಗ್ಯ ಅಂತ ಏನೋ ಉದ್ದದ ಹೆಸರು. ನಾಲ್ಕು ಪರ್ಸೆಂಟ್ ಬಂತು. ಭೇಷ್ ಕಣೇ, ಇಷ್ಟು ಕಮ್ಮಿ ಯಾರಿಗೂ ಬಂದಿಲ್ಲ ಅಂತ ನಾನೇ ಸೀಲು ಒತ್ತಿದೆ. ಅವಳು ನನಗೆ ಕಾಫಿ ಕೊಡಿಸಿದಳು, ನಾನು ನಗ್ತಾ ಕುಡಿದೆ. ಈಗ ಅದನ್ನ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತೆ.

ವಿಜ್ಞಾನ, ವೈದ್ಯಕೀಯ, ಶಿಕ್ಷಣ, ಗ್ರಂಥಾಲಯ ಎಲ್ಲ ಸೇರಿಸಿ ಕಾಲೇಜು ಒಂದು ವಿಚಾರ ಸಂಕಿರಣ ಮಾಡ್ತು. ಬಿಸಿಬೇಳೆಬಾತ್ ಮಾಡಿದ ಹಾಗೆ ಎಲ್ಲಾನೂ ಒಂದೇ ಪಾತ್ರೆಗೆ. ನಾನು ಹಿಂದಿನ ಸಾಲಲ್ಲಿ ಬ್ಯಾಗು, ಪೆನ್ನು ಹಂಚ್ತಾ ಇದ್ದೆ. ರೇಷ್ಮೆಹುಳ ಮುಗೀತು, ಕಾಲಿನ ಹುಣ್ಣು ಮುಗೀತು. ಆಮೇಲೆ ಕೃಪಾ ಹೊಸ ಸೀರೆ ಉಟ್ಟು ವೇದಿಕೆಗೆ ಬಂದಳು. ಪರದೆ ಮೇಲೆ ಇಂಗ್ಲಿಷಲ್ಲಿ ದಪ್ಪ ಅಕ್ಷರದಲ್ಲಿ ಬಂತು: ಅಂಜಿನಮ್ಮ, ಲಗ್ಗೆರೆ, ಗಾರ್ಮೆಂಟ್ಸ್ ಕೆಲಸ. ಟಿ.ಬಿ., ಬಸ್ಸು, ದಾಸರಹಳ್ಳಿ ಮೆಡಿಕಲ್ ಸ್ಟೋರು, ಶಕ್ತಿ ಮಾತ್ರೆ, ಒಂದೂ ಬಿಡದೆ. ಕನ್ನಡದಿಂದ ಇಂಗ್ಲಿಷಿಗೆ ಇಳಿಸಿದರೆ ಆ ಸಾಫ್ಟ್‌ವೇರಿಗೆ ಏನೂ ಗೊತ್ತಾಗಲ್ಲ. ಗೊತ್ತಾಗಬೇಕಾಗಿದ್ದು ನನಗೆ. ಸಭೆಯ ತುಂಬ ನಮ್ಮ ನರ್ಸಿಂಗ್ ಹುಡುಗಿಯರು, ಅರ್ಧ ಜನ ಲಗ್ಗೆರೆಯವರೇ. ಎಲ್ಲ ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಅವಳನ್ನ ಕೈತೊಳೆಯೋ ಜಾಗದಲ್ಲಿ ಹಿಡಿದೆ. "ಏನೇ ಇದು? ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಿಂಗೆ ನಾನೇ ಬೇಕಿತ್ತಾ?"

"ಕೂಗಾಡ್ಬೇಡ ಯಮುನಾ. ನನ್ನ ಪ್ರಮೋಷನ್ನಿಗೆ ಒಂದು ಪೇಪರ್ ಬೇಕಿತ್ತು. ಕನ್ನಡದಲ್ಲಿದ್ರೆ ಅದನ್ನ ಯಾರೇ ಓದ್ತಿದ್ರು? ನಾಲ್ಕು ಜನಕ್ಕೆ ಮುಟ್ಟಿಸ್ದೆ ಅಂದ್ಕೊ." ಕರ್ಚೀಫಲ್ಲಿ ಬೆರಳು ಒಂದೊಂದೇ ಒರೆಸಿಕೊಂಡಳು. "ಕಂಪ್ಲೇಂಟ್ ಕೊಡ್ತೀಯಾ? ಕೊಡು. ಸ್ವಂತದ್ದು ಅಂತ ಸೈನ್ ಮಾಡಿರೋಳು ನೀನೇ."

ನನ್ನ ಗೈಡ್ ಜಯಸಿಂಹ ಸರ್ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು, "ಸಂಕಿರಣದ ಪುಸ್ತಕದಲ್ಲಿ ಅವರದು ಮೊದಲು ಅಚ್ಚಾಯ್ತಲ್ಲಮ್ಮ. ಇನ್ನು ನೀವೇ ನಕಲು ಮಾಡಿದ ಹಾಗೆ ಕಾಣುತ್ತೆ. ರೆಕಾರ್ಡಿಂಗ್ ಇದೆಯಲ್ಲ, ಕಂಪ್ಲೇಂಟ್ ಕೊಟ್ಟು ಕಾಲೇಜು ಕಮಿಟಿ ಮುಂದೆ ಅಂಜಿನಮ್ಮನ ಧ್ವನಿ ಕೇಳಿಸಿ. ಅದೊಂದೇ ದಾರಿ," ಅಂದರು. ಹೇಳದೆ ಕೇಳದೆ ಕೇಳಿಸೋಕೆ ನಾನೇನು ಕೃಪಾ ಅಲ್ಲ. ಆ ಭಾನುವಾರ ಅಂಜಿನಮ್ಮಕ್ಕನ ಒಪ್ಪಿಗೆ ಕೇಳೋಣ ಅಂತ ಲಗ್ಗೆರೆಗೆ ಹೋದೆ. ದಾರಿ ಪೂರ್ತಿ ಕೃಪಾಳನ್ನ ಬಾಯಿಗೆ ಬಂದ ಹಾಗೆ ಬಯ್ಕೊಂಡೇ ಹೋದೆ. ಅಕ್ಕನೂ ನನ್ನ ಜೊತೆ ಸೇರಿ ಅವಳಿಗೆ ಹಿಡಿಶಾಪ ಹಾಕ್ತಾರೆ ಅಂತ ಆಸೆ ಇತ್ತು.

ಬಾಗಿಲಲ್ಲಿ ಪಾತ್ರೆ ತುಂಬಿದ ಗೋಣಿಚೀಲಗಳಿದ್ದವು. ಅಕ್ಕ ಒಳಗೆ ಕರೀಲಿಲ್ಲ. "ಓನರಮ್ಮನ ಮಗ್ಳು ನಿಮ್ ಕಾಲೇಜ್ನಾಗೇ ನರ್ಸಿಂಗ್ ಓದದು," ಅಂದರು. "ಅವತ್ತು ಸಂಜೆನೇ ಖಾಲಿ ಮಾಡಿ ಅಂದ್ಬಿಟ್ರು. ನಮ್ಮ ಯಜಮಾನ್ರು ನನ್ನ ಕೂಡೆ ಮಾತು ಬಿಟ್ಟವ್ರೆ."

ನಡೆದದ್ದನ್ನೆಲ್ಲ ಹೇಳಿದೆ. ಸ್ನೇಹಿತೆ ಮೋಸ ಮಾಡಿದಳು, ನನ್ನ ಬರವಣಿಗೆ ಕದ್ದಳು, ನನ್ನ ಕೆಲಸವೇ ಹೋಗೋ ಹಾಗಿದೆ ಅಂದೆ. ಅಳು ಬಂತು. ನಿಮ್ಮ ರೆಕಾರ್ಡಿಂಗ್ ಕಮಿಟಿಗೆ ಕೇಳಿಸಲಾ ಅಂತ ಕೇಳಿದೆ.

"ಆ ರೆಕಾಡು ಬೇಕಾದ್ರೆ ಕೇಳ್ಸು. ಇನ್ನೇನೈತೆ ಮುಚ್ಚಿಡಕೆ," ಅಂದರು. ಆಮೇಲೆ ಕೇಳಿದರು, "ಅದುನ್ನ ಅವ್ಳ ಕೈಗೆ ಕೊಟ್ಟಿದ್ದು ಯಾರು?"

"ನಾನೇ ಅಕ್ಕ. ಓದೋಕೆ ಅಂತ ಕೊಟ್ಟೆ."

"ನನ್ ಎಸ್ರೂ ಇತ್ತಾ ಅದ್ರಾಗೆ?"

"ಹೂಂ."

ಅವರು ಬಗ್ಗಿ ಒಂದು ಚೀಲದ ಬಾಯಿಗೆ ಹಗ್ಗ ಬಿಗಿದರು. "ಅಂಗಾದ್ರೆ ಅವ್ಳೇನವ್ವ ಕದ್ದಿದ್ದು," ಅಂದರು. "ನೀನೇ ಕೊಟ್ಟಿದ್ಯಲ್ಲ."