ನೀಲಿ ಟೊಪ್ಪಿಗೆಯ ಕಾಶಪ್ಪನವರು

ಮುಧೋಳದ ನಿವೃತ್ತ ಹವಾಲ್ದಾರ್ ಕಾಶಪ್ಪನವರು ಯಾರ ಮನೆಗೇ ಹೋಗಲಿ, ಬಾಗಿಲು ಹಾರುಹೊಡೆದಿದ್ದರೂ ಎರಡು ಹೆಜ್ಜೆ ಹಿಂದೆಯೇ ಗಕ್ಕನೆ ನಿಂತು, "ಒಳಗ ಬರಬಹುದೇನ್ರಿ?" ಎಂದು ಕೇಳಿ, ಉತ್ತರ ಬರುವ ತನಕ ಕದಲುವವರಲ್ಲ. ಸ್ವಂತ ಮನೆಗೂ ಅದೇ ಶಿಸ್ತು. "ನಿಮ್ಮ ಮನಿಗೆ ನೀವ ಬರಾಕ ಯಾರ ಅಪ್ಪಣಿ ಬೇಕ್ರಿ?" ಎಂದು ಹೆಂಡತಿ ತಾರವ್ವ ಗದರಿದರೆ ಮೀಸೆಯಲ್ಲೇ ನಗುವರು. ಇಷ್ಟು ಸಂಕೋಚದ ಪ್ರಾಣಿ ಸೈನ್ಯದಲ್ಲಿ ಏನು ಕಡಿದು ಗುಡ್ಡೆ ಹಾಕಿದ್ದೀತು ಎಂದು ಒಂದು ಕಾಲಕ್ಕೆ ನಾನೂ ನಕ್ಕವನೇ. ಆ ನಗೆಗೆ ಈಗ ನನಗೇ ನಾಚಿಕೆ.

ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ದೂರದ ದೇಶವೊಂದರಲ್ಲಿ ಅವರು ವಿಶ್ವಸಂಸ್ಥೆಯ ನೀಲಿ ಟೊಪ್ಪಿಗೆ ಧರಿಸಿ, ನಾನೂರು ನಿರಾಶ್ರಿತರಿದ್ದ ಶಾಲೆಯೊಂದನ್ನು ಕಾಯುತ್ತಿದ್ದರು. ಒಂದು ಮಧ್ಯಾಹ್ನ ಆ ದೇಶದ್ದೇ ಸೇನೆಯ ಕ್ಯಾಪ್ಟನ್ ಐವತ್ತು ಸೈನಿಕರೊಡನೆ ಬಂದು, ಎಲ್ಲರನ್ನೂ ಒಪ್ಪಿಸೆಂದು ದುಭಾಷಿಯಿಂದ ಹೇಳಿಸಿದ: "ದೇಶ ನಮ್ಮದು, ಪ್ರಜೆಗಳು ನಮ್ಮವರು, ನಡುವೆ ನೀನು ಯಾರು?" ಒಪ್ಪಿಸಿದರೆ ಏನಾಗುತ್ತದೆಂಬುದನ್ನು ಪಕ್ಕದ ಹಳ್ಳಿಯ ಹೆಣಗಳು ಆಗಲೇ ಹೇಳಿದ್ದವು. ಕಾಶಪ್ಪನವರ ಬಳಿ ಹನ್ನೊಂದು ಜವಾನರು. ಸಾರ್ವಭೌಮ ಸರ್ಕಾರದ ಸೇನೆಯ ಮೇಲೆ ಗುಂಡು ಹಾರಿಸಲು ಮೇಲಿನವರ ಅನುಮತಿ ಬೇಕು, ಜನರನ್ನು ಒಯ್ಯುವ ಲಾರಿಗಳು ಬರಲು ಎರಡು ತಾಸು ಬೇಕು ಎಂದಿತು ವೈರ್‌ಲೆಸ್. "ಕಾನೂನಿನ ಪುಸ್ತಕದಾಗ ಮುಂದ ಏನ್ ಮಾಡಬೇಕಂತ ಬರ್ದಿರಲಿಲ್ರಿ," ಎನ್ನುತ್ತಾರೆ ಅವರು.

ಬರೆದಿರದಿದ್ದರೇನು, ಊರಿನ ರೀತಿ ಗೊತ್ತಿತ್ತು. ಬಿಸಿಲಲ್ಲಿ ಬಂದವನು ಜಗಳಕ್ಕೇ ಬಂದಿರಲಿ, ಬೆಲ್ಲ-ನೀರು ಕೊಡದೆ ಮಾತು ತೆಗೆಯುವುದು ನಮ್ಮ ಕಡೆ ಮರ್ಯಾದೆಯಲ್ಲ. ತಾರವ್ವ ಕಟ್ಟಿಕೊಟ್ಟಿದ್ದ ಮಹಾಲಿಂಗಪುರದ ಬೆಲ್ಲ ಟ್ರಂಕಿನಲ್ಲಿತ್ತು. ಬಂದೂಕನ್ನು ಜವಾನನ ಕೈಗಿತ್ತು, ತಾಟಿನಲ್ಲಿ ಬೆಲ್ಲ ಹಿಡಿದು ಹೊರಬಂದು, "ಮೊದಲ ಕುಂದರ್ರಿ ಸಾಹೇಬ್ರ, ದಣದೀರಿ," ಎಂದು ದುಭಾಷಿಯಿಂದ ಹೇಳಿಸಿದರು. ಕ್ಯಾಪ್ಟನ್ ತಬ್ಬಿಬ್ಬಾಗಿ ಕುಳಿತ. ಐವತ್ತೂ ಮಂದಿಗೆ ಒಬ್ಬೊಬ್ಬರಿಗೇ, ಒಂದಿಷ್ಟೂ ಅವಸರವಿಲ್ಲದೆ, ಬೆಲ್ಲ ಮುರಿದು ಕೊಟ್ಟು, ನೀರು ಹಾಕಿ, ಹೆಸರು ಕೇಳಿ, ಮಕ್ಕಳೆಷ್ಟೆಂದು ವಿಚಾರಿಸುತ್ತ ಹತ್ತಿರ ಹತ್ತಿರ ಎರಡು ತಾಸು ಕಳೆದರು. ಕೊನೆಗೆ ಎದ್ದ ಕ್ಯಾಪ್ಟನ್ ಒಳನುಗ್ಗಲು ಹುಕುಂ ಮಾಡಿದಾಗ ಬಾಗಿಲಿಗೆ ಅಡ್ಡ ನಿಂತು, "ನನ್ನ ಕೊಂದು ಹೋಗ್ರಿ," ಎಂದರು. ಅವರ ಕೈಯ ಬೆಲ್ಲ ತಿಂದ ಸೈನಿಕರಲ್ಲಿ ಒಬ್ಬನೂ ಬಂದೂಕು ಎತ್ತಲಿಲ್ಲ! ಅಷ್ಟರಲ್ಲಿ ಲಾರಿಗಳು ಬಂದವು; ತನ್ನವರೇ ಕದಲದ್ದನ್ನು ಕಂಡ ಕ್ಯಾಪ್ಟನ್ ದಾರಿ ಬಿಟ್ಟ. ನಾನೂರು ಜನರೂ, ಕಂಕುಳ ಕೂಸುಗಳ ಸಮೇತ, ಸುರಕ್ಷಿತವಾಗಿ ಹೊರಟುಹೋದರು.

ದೊಡ್ಡ ದೊಡ್ಡ ರಾಷ್ಟ್ರಗಳು ಮೇಜಿನ ಸುತ್ತ ಕುಳಿತು ಒಪ್ಪಂದ ಬರೆಯುತ್ತವೆ, ಯುದ್ಧ ಬಂದಾಗ ಸಾರ್ವಭೌಮತೆಯ ಹೆಸರಿನಲ್ಲಿ ಅವನ್ನೇ ಮಡಚಿಡುತ್ತವೆ. ಆದರೂ ಆ ಒಪ್ಪಂದಗಳು ಪೂರ್ತಿ ಸತ್ತಿಲ್ಲ; ಏಕೆಂದರೆ ಅವುಗಳ ಒಂದು ಸಾಲನ್ನೂ ಓದದ ಇಂಥ ಮೊಂಡು ಮನುಷ್ಯರು ಲೋಕದ ಮೂಲೆಮೂಲೆಗಳಲ್ಲಿ ಅವುಗಳ ಮಾನ ಕಾಯುತ್ತಿದ್ದಾರೆ, ಮತ್ತು ಗೆಲ್ಲುತ್ತಿದ್ದಾರೆ.