ಏಳನೇ ಲಾಟಿನ ಸತು

"ಅಂಕಲ್, ಇದ್ರಲ್ಲಿ ನೀವು ಏನಾದ್ರೂ ಹಾಕಿದ್ರಾ?"

ಲ್ಯಾಬಿನ ಇಂಜಿನಿಯರ್ ಪ್ರಣೀತಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಕೇಳಿದಳು. ಅವಳ ಮುಂದೆ ಏಳನೇ ಲಾಟಿನ ಬ್ಯಾಟರಿ ಸೆಲ್ ಒಂದು ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಒಳಗಿನ ತಗಡಿನ ಮೇಲೆ ಸತು ಸಾರಿಸಿದ ಅಂಗಳದ ಹಾಗೆ ಸಪಾಟಾಗಿ ಕೂತಿತ್ತು. ಇನ್ನೂರು ಸಲ ಚಾರ್ಜ್ ಮಾಡಿ ಇಳಿಸಿದ ಸೆಲ್ಲಿನಲ್ಲಿ ಅದು ಹಾಗೆ ಕೂರುವುದುಂಟೇ! ಅದುವರೆಗಿನ ಆರು ಲಾಟುಗಳಲ್ಲಿ ಐವತ್ತು ದಾಟುವುದರೊಳಗೆ ಸತು ಮುಳ್ಳುಮುಳ್ಳಾಗಿ ಎದ್ದು, ನಡುವಿನ ಕಾಗದವನ್ನು ಚುಚ್ಚಿ, ಆಚೆಯ ತಗಡನ್ನು ಮುಟ್ಟಿ, ಸೆಲ್ ಸತ್ತೇ ಹೋಗುತ್ತಿತ್ತು.

"ನಾನೆಂತ ಹಾಕುದು ಮೇಡಂ? ನೀವು ಬರ್ದು ಕೊಟ್ಟದ್ದನ್ನೇ ತೂಕ ಮಾಡಿ ಹಾಕಿದ್ದು" ಎಂದ ತಾರಾನಾಥ.

ಹಾಕಿದ್ದ. ಹಾಕದೆ ಇರುತ್ತಾನೆಯೇ? ಈ ಬ್ಯಾಟರಿ ಕಂಪನಿಗೆ ಬರುವ ಮುಂಚೆ ಇದೇ ರಬಾಳೆ ಕೈಗಾರಿಕಾ ಪ್ರದೇಶದ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬೋಲ್ಟುಗಳಿಗೆ ಸತು ಹತ್ತಿಸಿದ ಕೈ ಅದು. ಬೋಲ್ಟಿಗಾದರೆ ಒಂದು ಸಲ ಹತ್ತಿದರೆ ಮುಗಿಯಿತು. ಬ್ಯಾಟರಿಯಲ್ಲಿ ಹತ್ತಬೇಕು, ಬಿಡಬೇಕು, ಮತ್ತೆ ಹತ್ತಬೇಕು. ಆರು ಲಾಟು ಕಣ್ಣೆದುರೇ ಸಾಯುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ. ಕೆಮ್ಮಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದ ಜ್ಯೇಷ್ಠಮಧುವಿನ ಬೇರನ್ನು ನೀರಲ್ಲಿ ಹಾಕಿ, ಆ ನೀರನ್ನು ಲೀಟರಿಗೆ ಹತ್ತು ಹನಿಯಂತೆ ದ್ರಾವಣಕ್ಕೆ ಬಿಟ್ಟಿದ್ದ. ಹಳೆಯ ಪ್ಲೇಟಿಂಗ್ ಮೇಸ್ತ್ರಿಗಳಲ್ಲಿ ಪ್ರತಿಯೊಬ್ಬನಿಗೂ ಹೀಗೆ ತನ್ನದೇ ಒಂದು ಬಾಟಲಿ ಇರುತ್ತದೆ. ಅದರಲ್ಲೇನಿದೆ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದಿಲ್ಲ. ಕೇಳಿದರೂ ಯಾರೂ ನಿಜ ಹೇಳುವುದಿಲ್ಲ.

ತಾರಾನಾಥ ಒಂದು ಸಲ ನಿಜ ಹೇಳಿ ಕೆಟ್ಟಿದ್ದ. ಹಳೆಯ ಕಾರ್ಖಾನೆಯ ಯಜಮಾನನ ಮಗ ಹೆಗಲ ಮೇಲೆ ಕೈ ಹಾಕಿ, ಅಣ್ಣಾ ಅಣ್ಣಾ ಎಂದು ಕರೆದು, ಊಟಕ್ಕೆ ಕರೆದುಕೊಂಡು ಹೋಗಿ ಬಾಟಲಿಯ ಗುಟ್ಟು ಕೇಳಿದ್ದ. ಇವನು ಕರಗಿ ಹೇಳಿಬಿಟ್ಟ. ಎರಡೇ ತಿಂಗಳಿಗೆ, ನಿಮಗೂ ವಯಸ್ಸಾಯಿತು, ಇನ್ನು ಮನೆಯಲ್ಲಿ ಆರಾಮಾಗಿರಿ ಎಂದು ಅದೇ ಬಾಯಿ ಹೇಳಿತು. ಅಂದಿನಿಂದ ಯಾರಾದರೂ ನಕ್ಕರೆ ಇವನಿಗೆ ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತು.

ಪ್ರಣೀತಾ ಆ ಪ್ರಶ್ನೆ ಕೇಳಿದ ಮೂರನೇ ದಿನಕ್ಕೆ ಕೆಲಸದ ಮೇಜಿನ ಮೇಲ್ಗಡೆ ಕ್ಯಾಮೆರಾ ಬಂತು. ಸಾಮಾನು ಕಳುವಾಗಬಾರದಲ್ಲ ಎಂದ ಕಂಪನಿಯ ಯಜಮಾನ ಸಮಿತ್. ಸತುವಿನ ಉಪ್ಪನ್ನು ಕದ್ದು ಯಾರು ಪಲ್ಯಕ್ಕೆ ಹಾಕುತ್ತಾರೆ? ಆ ಹುಡುಗಿಯೇ ಹೇಳಿ ಹಾಕಿಸಿದ್ದಾಳೆ, ತನ್ನ ಕೈ ನೋಡುವುದಕ್ಕೇ ಹಾಕಿಸಿದ್ದಾಳೆ ಎಂದು ತಾರಾನಾಥನಿಗೆ ಖಾತ್ರಿಯಾಯಿತು. ಎಂಟನೇ ಲಾಟಿಗೆ ಅವನು ಏನನ್ನೂ ಹಾಕಲಿಲ್ಲ. ಮುಳ್ಳೆದ್ದವು. ಒಂಬತ್ತನೇ ಲಾಟಿನಲ್ಲೂ ಎದ್ದವು. ಪ್ರಣೀತಾ ಅಳತೆ ಬದಲಿಸಿದಳು, ಕರೆಂಟು ಇಳಿಸಿದಳು, ಊಟ ಬಿಟ್ಟಳು. ಇವನು ನೋಡಿಯೂ ನೋಡದವನಂತೆ ಬೀಕರು ತೊಳೆಯುತ್ತಿದ್ದ.

ಒಂದು ಬುಧವಾರ ಸಮಿತ್ ಅವನನ್ನು ತನ್ನ ಕೋಣೆಗೆ ಕರೆದು ಬಾಗಿಲು ಮುಚ್ಚಿದ. ಕುಂದಾಪುರದ ಕಡೆಯ ಹೋಟೆಲಿನವರ ಮಗ, ಸೀವುಡ್ಸ್‌ನಲ್ಲಿ ಮನೆ, ಮೂವತ್ತು ದಾಟಿಲ್ಲ. ತಾನೇ ಕಾಫಿ ತಂದುಕೊಟ್ಟ. ಕಾಫಿ ಕಂಡದ್ದೇ ತಾರಾನಾಥನ ಕೈ ಜೇಬಿಗೆ ಹೋಯಿತು.

ಸಂಗತಿ ಬೇರೆಯೇ ಇತ್ತು. ಸೆಲ್ಲುಗಳನ್ನು ಕೊಳ್ಳಲು ಬರುವವರು ಏಳನೇ ಲಾಟನ್ನು ಮತ್ತೊಮ್ಮೆ ಮಾಡಿ ತೋರಿಸಿ ಅನ್ನುತ್ತಿದ್ದಾರೆ, ಮಾಡಲು ಆಗುತ್ತಿಲ್ಲ. ಅಂದಮೇಲೆ ಪ್ರಣೀತಾ ಲೆಕ್ಕವನ್ನು ಸುಳ್ಳೇ ಬರೆದಿದ್ದಾಳೆ, ಹೊಸ ತಗಡನ್ನು ಸೆಲ್ಲಿನೊಳಗೆ ಇಟ್ಟು ಇನ್ನೂರು ಸಲ ಓಡಿದ್ದು ಎಂದು ತೋರಿಸಿದ್ದಾಳೆ. ಆರು ಲಾಟು ಕೆಟ್ಟು ಏಳನೆಯದು ಒಮ್ಮೆಲೇ ಅಷ್ಟು ಚೆನ್ನಾಗಿ ಬಂದಾಗಲೇ ಅನುಮಾನ ಬಂದಿತ್ತು, ಕ್ಯಾಮೆರಾ ಹಾಕಿಸಿದ್ದು ಅವಳ ಮೇಲೆ ಕಣ್ಣಿಡಲಿಕ್ಕೆ. ಇಷ್ಟು ಹೇಳಿ ಸಮಿತ್ ಒಂದು ಹಾಳೆಯನ್ನು ಮುಂದೆ ತಳ್ಳಿದ. ಬರೆದುಕೊಟ್ಟದ್ದನ್ನು ಬಿಟ್ಟು ಏಳನೇ ಲಾಟಿಗೆ ಬೇರೇನನ್ನೂ ಹಾಕಿಲ್ಲ ಎಂದು ತಾರಾನಾಥ ಅದರಲ್ಲಿ ಸಹಿ ಮಾಡಬೇಕಿತ್ತು. ಮಾಡಿದರೆ ಅವಳ ಲೆಕ್ಕ ಸುಳ್ಳು ಎನ್ನುವುದಕ್ಕೆ ಸಾಕ್ಷಿ ಸಿಕ್ಕಂತೆ.

"ನೀವು ನಮ್ಮ ಊರಿನ ಕಡೆಯವ್ರು ತಾರಾನಾಥಣ್ಣ, ಅದಕ್ಕೇ ನಿಮ್ಮನ್ನು ಕೇಳುದು. ಒಂದು ಸೈನ್ ಸಾಕು. ನಾಳೆಯಿಂದ ಬರುದು ಬೇಡ ಅಂತ ಅವಳಿಗೆ ಹೇಳ್ತೇನೆ. ಇನ್ನು ಅವಳಿಗೆ ಈ ಲೈನಲ್ಲಿ ಎಲ್ಲಿಯೂ ಕೆಲಸ ಸಿಗ್ಲಿಕ್ಕಿಲ್ಲ."

ತಾರಾನಾಥನಿಗೆ ಮೊದಲು ಆದದ್ದು ಸಮಾಧಾನ. ತನ್ನ ಮೇಲೆ ಯಾರಿಗೂ ಅನುಮಾನವಿಲ್ಲ! ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ಕನ್ನಡಕ ತಂದಿಲ್ಲ, ಮನೆಯಲ್ಲಿ ಓದಿ ನಾಳೆ ಕೊಡುತ್ತೇನೆ ಎಂದು ಹಾಳೆ ಮಡಚಿಕೊಂಡು ಎದ್ದ. ಕನ್ನಡಕ ಜೇಬಿನಲ್ಲೇ ಇತ್ತು.

ಕೋಪರಿಯ ಮನೆಯಲ್ಲಿ ಹೆಂಡತಿ ಜಯಲತಾ ಪೂರ್ತಿ ಕೇಳಿಸಿಕೊಂಡಳು. ಹೇಳಿದರೆ ನಿಮ್ಮ ಕೆಲಸ ಹೋದ ಹಾಗೆಯೇ ಎಂದಳು. ಅಷ್ಟಕ್ಕೇ ಸುಮ್ಮನಾಗಿದ್ದರೆ ಅವನೂ ಸಹಿ ಹಾಕುತ್ತಿದ್ದನೋ ಏನೋ. ಆದರೆ ಅವಳು, "ಆ ಹುಡುಗಿದು ತಪ್ಪೆಂತ ಉಂಟು? ನಿಮ್ಮ ಕೈ ಮಾಡಿದ್ದಕ್ಕೆ ಅವಳು ಕಳ್ಳಿ ಆಗುದಾ?" ಎಂದು ಕೇಳಿ ಸೊಪ್ಪು ಬಿಡಿಸಲು ಹೋದಳು.

ಬೆಳಿಗ್ಗೆ ಅವನು ಕಂಪನಿಗೆ ಹೋದಾಗ ಪ್ರಣೀತಾ ಒಬ್ಬಳೇ ಇದ್ದಳು. ಇವನನ್ನು ಕಂಡದ್ದೇ ನೋಟ್‌ಬುಕ್ ಮುಚ್ಚಿದಳು.

"ಸಮಿತ್ ಸರ್ ಕಳ್ಸಿದ್ರಾ?"

ತಾರಾನಾಥ ಹಾಳೆಯನ್ನು ಮೇಜಿನ ಮೇಲಿಟ್ಟ. ಅವಳು ಓದಿದಳು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ, ಮಾತಿಗೆ ಮೊದಲೇ ನಗುವ ಹುಡುಗಿಯ ಮುಖ ಬಣ್ಣಗೆಟ್ಟಿತು. ಅವಳು ಅಳುವುದಕ್ಕೆ ಮುಂಚೆ ಹೇಳಿಬಿಡಬೇಕೆಂದು ಇವನು ಬೇರು, ನೀರು, ಹತ್ತು ಹನಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಒಂದನ್ನು ಮಾತ್ರ ಹೊಟ್ಟೆಯೊಳಗೇ ಇಟ್ಟುಕೊಂಡ. ಬೇರು ಹಾಕಿದ ನೀರನ್ನು ಮುಚ್ಚಿಟ್ಟು ಮೂರು ದಿನ ಹುಳಿ ಬರಿಸಬೇಕು. ಅದು ಗೊತ್ತಿಲ್ಲದಿದ್ದರೆ ಹತ್ತನೇ ಲಾಟೂ ಕೆಡುತ್ತದೆ, ಆಗ ಇವನನ್ನೇ ಕರೆಯಬೇಕಾಗುತ್ತದೆ. ಅಷ್ಟಾದರೂ ಕೈಯಲ್ಲಿರಲಿ.

"ಈಗ ಯಾಕೆ ಹೇಳ್ತಿದ್ದೀರಿ?" ಎಂದಳು ಅವಳು. "ಅವತ್ತು ಕೇಳ್ದಾಗ ಇಲ್ಲ ಅಂದ್ರಿ. ಮುಝೇ ಫಸಾ ರಹೇ ಹೋ ಕ್ಯಾ, ಅಂಕಲ್? ನನ್ನನ್ನ ಸಿಕ್ಕಿಹಾಕಿಸ್ತಿದ್ದೀರಾ?"

"ಹೆದ್ರಿಕೆ ಆಯ್ತು ಮೇಡಂ. ಈಗಲೂ ಉಂಟು."

ಅವಳು ಆ ಹಾಳೆಯನ್ನು ಬದಿಗೆ ಸರಿಸಿದಳು. ಆಮೇಲೆ ನೋಟ್‌ಬುಕ್ ತೆರೆದು ಬರೆಯತೊಡಗಿದಳು. ಪುಟ ತುಂಬಿತು. ತಾರೀಕು ಹಾಕಿ ಅವನ ಕಡೆಗೆ ತಿರುಗಿಸಿದಳು. ಇವನು ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಮೇಲ್ಗಡೆ, ಎಲ್ಲಕ್ಕಿಂತ ಮೇಲೆ, ತಾರಾನಾಥ ದೇವಾಡಿಗರ ವಿಧಾನ ಎಂದಿತ್ತು.

"ನನ್ನ ಹೆಸರು ಯಾಕೆ? ನಾಳೆ ಎಂತಾದ್ರೂ ಆದ್ರೆ ನನ್ನ ತಲೆ ಮೇಲೆ ಹಾಕ್ಲಿಕ್ಕಾ?"

"ಮಾಡಿದ್ದು ನೀವಲ್ವಾ" ಎಂದಳು ಪ್ರಣೀತಾ. "ಮತ್ತೆ ಯಾರ ಹೆಸರು ಬರೀಲಿ?"

ತಾರಾನಾಥ ಆ ಸಾಲನ್ನು ಇನ್ನೊಮ್ಮೆ ಓದಿದ. ಹೆಸರಿನ ಸ್ಪೆಲ್ಲಿಂಗ್ ಸರಿಯಾಗಿತ್ತು. ಪೆನ್ನು ತೆಗೆದುಕೊಂಡು ಕೆಳಗೆ ಸಹಿ ಮಾಡಿದ, ಪೆನ್ನನ್ನು ಅವಳಿಗೆ ಹಿಂದಿರುಗಿಸಲು ಹೋಗಿ ಕೈ ತಡೆದ.

"ಮೇಡಂ, ಇನ್ನೊಂದು ಬರ್ಕೊಳ್ಳಿ. ನೀರನ್ನು ಮೂರು ದಿನ ಮುಚ್ಚಿಡ್ಬೇಕು. ಹುಳಿ ಬರ್ಬೇಕು. ಅದಿಲ್ದಿದ್ರೆ ಆಗುದಿಲ್ಲ."

ಪುಟದಲ್ಲಿ ಜಾಗವಿರಲಿಲ್ಲ. ಅವಳು ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆಯತೊಡಗಿದಳು. ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು. ತಾರಾನಾಥ ಅದರ ಮೂಲೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದುಕೊಂಡ.