ಸೀನಬಾರದು, ಸಿಟ್ಟಾಗಬಾರದು

ಧನಗೆರೆಯ ವೃಷಭೇಂದ್ರಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಅವನೊಬ್ಬನೇ ಒಪ್ಪಿರಲಿಲ್ಲ. ದೀಪ ಮಂಕಾಗಿದೆ ಎಂದು ಹೆಂಡತಿಯನ್ನು ಬೈಯುತ್ತಿದ್ದ, ಮಂಜು ಕವಿದಿದೆ ಎಂದು ನಡುಬೇಸಿಗೆಯನ್ನು ಬೈಯುತ್ತಿದ್ದ. ಒಂದು ಸಂಜೆ ಹಿತ್ತಿಲಲ್ಲಿ ಒಣಹಾಕಿದ್ದ ತನ್ನದೇ ಪಂಚೆಯನ್ನು ಕಂಡು, “ಯಾವನ್ಲಾ ಅದು? ಕರುದ್ರೆ ಓ ಅನ್ನಕೂ ಆಗಲ್ವಾ?” ಎಂದು ಗದರಿದ. ಪಂಚೆ ಉತ್ತರ ಕೊಡದಿದ್ದಾಗ ದೊಣ್ಣೆ ಹಿಡಿದು ಅದರ ಮೇಲೇರಿ ಹೋದ. ಮಾರನೆಯ ದಿನವೇ ವೀರಮ್ಮ ಗಾಡಿ ಕಟ್ಟಿಸಿ ಗಂಡನನ್ನು ಕೊಳ್ಳೇಗಾಲದ ಆಸ್ಪತ್ರೆಗೆ ತಂದು ಹಾಕಿದಳು.

ಆಗಿನ್ನೂ ಕೊಳ್ಳೇಗಾಲ ಮದ್ರಾಸಿನವರ ಕೈಯಲ್ಲಿತ್ತು. ಕಣ್ಣಿನ ಡಾಕ್ಟರು ಕೊಯಮತ್ತೂರಿನಿಂದ ಬಂದರು, ಸಾಲಾಗಿ ಮಲಗಿದ್ದವರಿಗೆಲ್ಲ ಒಂದೊಂದು ಕಣ್ಣಿನ ಪೊರೆ ತೆಗೆದರು, ತಮಿಳಿನಲ್ಲಿ ಏನೇನೋ ಹೇಳಿ ಕಾರು ಹತ್ತಿದರು. ಅಲ್ಲಿಂದ ಮುಂದೆ ಆ ಕಣ್ಣುಗಳೆಲ್ಲ ನರ್ಸು ಚನ್ನಾಜಮ್ಮನ ಪಾಲಿಗೆ. ಅವಳು ಯಳಂದೂರಿನವಳು. ಎಳೆಯ ವಯಸ್ಸಿಗೇ ಗಂಡ ತೀರಿಕೊಂಡಾಗ ಮೂಲೆ ಹಿಡಿದು ಕೂರು ಎಂದವರಿಗೆ ಬೆನ್ನು ತೋರಿಸಿ, ಮೈಸೂರಿಗೆ ಹೋಗಿ ಕೆಲಸ ಕಲಿತು ಬಂದಿದ್ದಳು. ಆಳು ಸಣಕಲು, ಗಂಟಲು ಮಾತ್ರ ಎತ್ತು ಹೊಡೆಯುವವರದ್ದು.

ಒಂದು ಕಣ್ಣು ಆಡಿದರೆ ಇನ್ನೊಂದೂ ಆಡುತ್ತದೆಂದು ವೃಷಭೇಂದ್ರಪ್ಪನ ಎರಡೂ ಕಣ್ಣಿಗೆ ಪಟ್ಟಿ ಸುತ್ತಿ, ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಇಟ್ಟು, ಅವಳು ಮಂಚದ ಬುಡದಲ್ಲಿ ನಿಂತಳು.

“ಕೇಳಿ ಯಜಮಾನ್ರೇ. ಗಾಯ ಕೂಡೋವರ್ಗೂ ಅಂಗಾತ ಮಲಗಿರ್ಬೇಕು. ತಲೆ ಅಲ್ಲಾಡಿಸ್ಬಾರ್ದು. ಕೆಮ್ಮಬಾರ್ದು, ಸೀನಬಾರ್ದು, ನಗಬಾರ್ದು. ಅಗಿಯೋ ಅಂಥದ್ದು ತಿನ್ಬಾರ್ದು. ಹೊರಕಡೆಗೆ ಬಂದಾಗ ತಿಣುಕಬಾರ್ದು. ಮುಖ್ಯವಾಗಿ ಸಿಟ್ಟಾಗಿ ಕೂಗಾಡ್ಬಾರ್ದು. ಕೂಗಿದ್ರೆ ಗಾಯ ಬಿರಿದು ಕಣ್ಣು ಒಳಗಿಂದ ಹೊರಗೆ ಬಂದ್ಬಿಡ್ತದೆ.”

“ಮುದ್ದೆ ಅಗಿಯಲ್ಲ ಕಣಮ್ಮ, ನುಂಗದು,” ಎಂದ ವೃಷಭೇಂದ್ರಪ್ಪ. ಅಷ್ಟೆಲ್ಲ ನಿಯಮದಲ್ಲಿ ಅವನಿಗೆ ಸಿಕ್ಕ ಸಂದು ಅದೊಂದೇ.

“ಅದರ ಜೊತೆ ಸೊಪ್ಪು ಬರ್ತದಲ್ಲ, ಅದನ್ನೂ ನುಂಗ್ತೀರಾ? ಗಂಜಿ.”

ಪೂಜೆಯ ವಿಷಯಕ್ಕೂ ಚೌಕಾಸಿ ನಡೆಯಿತು. ಎದ್ದು ಕೂತು ಲಿಂಗಪೂಜೆ ಮಾಡದೆ ನೀರೂ ಮುಟ್ಟುವವನಲ್ಲ ಎಂದ. ಚನ್ನಾಜಮ್ಮ ಅವನ ಕೊರಳ ಕರಡಿಗೆ ಬಿಚ್ಚಿಸಿ, ಲಿಂಗವನ್ನು ಅವನ ಅಂಗೈಗೆ ಇಡಿಸಿ, ಅಂಗೈಯನ್ನು ಎದೆಯ ಮೇಲೆ ಇಡಿಸಿದಳು. “ಶಿವನಿಗೇನು, ಮಲಗಿದೋರ್ನ ನೋಡಿ ಅಭ್ಯಾಸ ಇದೆ. ಸ್ಮಶಾನದಲ್ಲಿ ಇರೋನು,” ಎಂದಳು. ಪಕ್ಕದ ಮಂಚದವನು ನಗಲು ಹೋಗಿ, ತನಗೂ ನಗು ನಿಷಿದ್ಧವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ.

ಇದನ್ನೆಲ್ಲ ಕೇಳುತ್ತ ವೀರಮ್ಮ ಮಂಚದ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ಗಂಜಿ ಕುಡಿಸುವುದು, ಬಾಯಿ ಒರೆಸುವುದು, ಬೆಡ್‌ಪಾನು ಇಟ್ಟು ತೆಗೆಯುವುದು ಎಲ್ಲ ಅವಳ ಕೆಲಸ. ಎರಡನೆಯ ದಿನ ಗಂಜಿ ಬಿಸಿಯಿತ್ತೆಂದು ಗಂಡ ಬೈಯಲು ಬಾಯಿ ತೆರೆದ. ತೆರೆದವನು ಹಾಗೇ ಮುಚ್ಚಿದ. ವೀರಮ್ಮ ಚಮಚ ಹಿಡಿದುಕೊಂಡು ಅವನನ್ನೇ ನೋಡಿದಳು. ಮದುವೆಯಾದಂದಿನಿಂದ ಇಂಥದ್ದನ್ನು ಅವಳು ಕಂಡಿರಲಿಲ್ಲ. ಅವನು ಕೂಗುವಂತಿಲ್ಲ. ಎದ್ದು ಹೋಗುವಂತಿಲ್ಲ. ಬೇಡ ಎಂದು ತಲೆಯಾಡಿಸುವಂತೆಯೂ ಇಲ್ಲ!

ಇನ್ನೊಂದು ಚಮಚ ಕುಡಿಸಿ, ಮೆಲ್ಲಗೆ ಹೇಳಿದಳು: “ರೀ, ನಿಮ್ಮಕ್ಕನ್ನ ಮುಳ್ಳೂರಿಗೆ ಕಳಿಸ್ಬುಟ್ಟೆ.”

ವೃಷಭೇಂದ್ರಪ್ಪನ ಅಕ್ಕ ದೊಡ್ಡಬಸಮ್ಮ ಮುಳ್ಳೂರಿನಲ್ಲಿ ಹೆತ್ತ ಮಗನಿದ್ದರೂ ತಮ್ಮನ ಮನೆಯಲ್ಲೇ ಠಿಕಾಣಿ ಹೂಡಿ, ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ವೀರಮ್ಮ ಗಾಡಿ ಹೊಡೆಯುವ ಚಿಕ್ಕಮಾದಯ್ಯನಿಗೆ, ಊರಿಗೆ ಹಿಂತಿರುಗಿದ ಕೂಡಲೇ ಬೀಗದ ಕೈ ಇಸಿದುಕೊಂಡು ಆ ತಾಯಿಯನ್ನು ಮಗನ ಮನೆಗೆ ಇಳಿಸಿ ಬಾ ಎಂದಿದ್ದಳು.

ವೃಷಭೇಂದ್ರಪ್ಪನ ಕುತ್ತಿಗೆಯ ನರ ಉಬ್ಬಿತು. “ಲೇ…” ಎಂದ.

“ಕಣ್ಣು,” ಎಂದಳು ವೀರಮ್ಮ.

ನರ ಇಳಿಯಿತು. ವಾರ್ಡಿನ ಆಚೆ ತುದಿಯಲ್ಲಿ ಯಾರದೋ ಪಟ್ಟಿ ಬಿಚ್ಚುತ್ತಿದ್ದ ಚನ್ನಾಜಮ್ಮ ಇತ್ತ ತಿರುಗಿ, ಏನೂ ಕೇಳದವಳ ಹಾಗೆ ಮತ್ತೆ ಅತ್ತ ತಿರುಗಿದಳು. ಆಮೇಲೆ ವೀರಮ್ಮ ಚಿಕ್ಕಮಾದಯ್ಯನ ಕೈಲಿ ಊರಲ್ಲಿ ಮಾಡಿಸಿದ್ದನ್ನೆಲ್ಲ ದಿನಕ್ಕೊಂದು ಸುದ್ದಿಯಾಗಿ ಗಂಜಿಯ ಜೊತೆ ಕುಡಿಸತೊಡಗಿದಳು. ಹಾಯುವ ಎತ್ತನ್ನು ಮಾರಿಸಿದ್ದು, ಹಟ್ಟಿ ಮುಂದಿನ ಹುಣಸೆ ಕೊಂಬೆ ಕಡಿಸಿದ್ದು, ಅವನ ನಶ್ಯದ ಡಬ್ಬಿಯನ್ನು ಬಾವಿಗೆ ಹಾಕಿಸಿದ್ದು. ನಶ್ಯದ ಸುದ್ದಿಗೆ ಅವನು ಎಷ್ಟೋ ಹೊತ್ತು ಗಂಜಿ ನುಂಗಲಿಲ್ಲ.

ಚನ್ನಾಜಮ್ಮ ಮಾತ್ರ ಬೇರೊಂದನ್ನು ಗಮನಿಸಿದ್ದಳು. ಎಡಗಡೆಯಿಂದ ಏನು ಹೇಳಿದರೂ ವೀರಮ್ಮ ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಎಡಗಿವಿಯಲ್ಲಿ ಸದಾ ಹತ್ತಿ, ಹತ್ತಿಯಲ್ಲಿ ಬೆಳ್ಳುಳ್ಳಿ ಎಣ್ಣೆಯ ವಾಸನೆ.

“ಬನ್ನಿ ಇಲ್ಲಿ,” ಎಂದು ಕಿಟಕಿಯ ಬೆಳಕಿಗೆ ಕೂರಿಸಿ ಹತ್ತಿ ತೆಗೆದಳು. ಮೂಗು ಸೊಟ್ಟ ಮಾಡಿದಳು. “ಯಾವಾಗ್ನಿಂದ ಸೋರ್ತದೆ?”

“ಮದ್ವೆಯಾದ ಎಲ್ಡನೆ ವರ್ಸದಿಂದ ಕಣವ್ವ.”

“ಏನಾಗಿತ್ತು?”

“ಸಾರಿಗೆ ಉಪ್ಪಾಕಿಲ್ಲ ಅಂತ ಒಂದು ಬಿಟ್ರು. ಗುಂಯ್ ಅಂತು. ಆಮೇಲೆ ಅಲ್ಲಿ ಏನೂ ಅನ್ನಲೇ ಇಲ್ಲ.”

“ಉಪ್ಪು ಹಾಕಿರ್ಲಿಲ್ವಾ?”

“ಆಕಿದ್ದೆ. ಅವರಿಗೆ ಜರ ಬಂದು ನಾಲ್ಗೆ ಕೆಟ್ಟಿತ್ತು.” ವೀರಮ್ಮ ನಕ್ಕಳು. ಚನ್ನಾಜಮ್ಮ ನಗಲಿಲ್ಲ. ಆಸ್ಪತ್ರೆಯ ಡಾಕ್ಟರನ್ನು ಕರೆತಂದು ತೋರಿಸಿದಳು. ಅವರು ಬೆಳಕು ಬಿಟ್ಟು ನೋಡಿ, ಕಿವಿಯ ತಮಟೆ ಹರಿದಿದೆ, ಕೇಳಿಸುವುದು ಇನ್ನು ಬರುವುದಿಲ್ಲ, ಸೋರುವುದನ್ನು ನಿಲ್ಲಿಸಬಹುದು ಎಂದರು. ಎಣ್ಣೆ ಬಿಡುವುದು ಬಂದ್. ದಿನಾ ಒಣಹತ್ತಿಯಲ್ಲಿ ಒರೆಸಿ ಔಷಧಿ ಬಿಡಬೇಕು, ನೀರು ಹೋಗಬಾರದು.

ಮಧ್ಯಾಹ್ನ ಗಂಜಿ ತರುವುದು ತಡವಾದಾಗ ವೃಷಭೇಂದ್ರಪ್ಪ ಹಲ್ಲು ಕಚ್ಚಿಕೊಂಡೇ ಕೇಳಿದ, “ಎಲ್ ಓಗಿದ್ದೆ? ಎಷ್ಟ್ ಸಲ ಕರಿಯದು, ಕೆಪ್ಪಿ.”

ಈ ಹೆಸರಿಗೆ ವೀರಮ್ಮ ಎಷ್ಟೋ ವರ್ಷಗಳಿಂದ ಓಗೊಟ್ಟಿದ್ದಳು. ಅವತ್ತು ಬಟ್ಟಲನ್ನು ಕೆಳಗಿಟ್ಟಳು. ಕಿವಿ ತೋರಿಸಲು ಹೋಗಿದ್ದೆ ಎಂದಳು. ಡಾಕ್ಟರು ಏನಂದರು ಎಂಬುದನ್ನು ಹೇಳಿದಳು. ಉಪ್ಪಿನ ಕಥೆಯನ್ನೂ ಹೇಳಿದಳು, ದನಿ ಎತ್ತದೆ, ಬೇರೆಯವರ ಮನೆಯ ಸಮಾಚಾರದ ಹಾಗೆ.

“ನಾನಾ? ಯಾವಾಗ?” ಎಂದ ವೃಷಭೇಂದ್ರಪ್ಪ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ವೀರಮ್ಮನಿಗೆ ಏಟಿಗಿಂತ ಅದೇ ಹೆಚ್ಚು ಉರಿಯಿತು.

“ನಿಮ್ಮಕ್ಕ ಒಲೆ ತಾವು ಕುಂತಿದ್ರು. ಅವತ್ತು ನೀವು ತಿಳಿಸಾರು ಬೇಕು ಅಂದಿದ್ರಿ. ಈಗ ನೀವು ಕೂಗದು ನಾನು ಕೇಳುಸ್ಕಳಲ್ಲ ಅಂತ. ನಾನು ಕೇಳುಸ್ಕಳದಂಗೆ ಆಗಿದ್ದು ನೀವು ಒಡ್ದಿದ್ದಕ್ಕೆ. ಎಲ್ಡೂ ನಿಮ್ದೇ.”

ವೃಷಭೇಂದ್ರಪ್ಪನ ಗದ್ದ ನಡುಗತೊಡಗಿತು. ಚನ್ನಾಜಮ್ಮ ಎಲ್ಲಿದ್ದಳೋ, ಓಡಿ ಬಂದಳು.

“ಯಜಮಾನ್ರೇ, ಅಳೋ ಹಾಗಿಲ್ಲ.”

“ನಾನೆಲ್ಲಿ ಅಳ್ತಿವ್ನಿ?”

“ಮೂಗು ಸೋರ್ತಿದೆ.”

“ನೆಗಡಿ.”

“ನೆಗಡೀನೂ ಆಗೋ ಹಾಗಿಲ್ಲ. ಪಟ್ಟಿ ನೆಂದ್ರೆ ಕೀವಾಗ್ತದೆ. ಬೇಕಾದ್ರೆ ಕಣ್ಣು ವಾಸಿಯಾದ್ಮೇಲೆ ಊರಿಗೆ ಹೋಗಿ ಅಳಿ. ನಾನು ಬೇಡ ಅನ್ನಲ್ಲ.”

ವೀರಮ್ಮ ಸೆರಗಿನಿಂದ ಅವನ ಮೂಗು ಒರೆಸಿದಳು. ಕರುಣೆ ಬರಲಿಲ್ಲ ಎಂದಲ್ಲ. ಆದರೆ, ಈ ಮನುಷ್ಯನ ಪಶ್ಚಾತ್ತಾಪಕ್ಕೂ ನಾನೇ ಒರೆಸುವ ಬಟ್ಟೆಯಾಗಬೇಕಲ್ಲ ಶಿವನೇ ಎಂದು ರೇಗಿಯೂ ಹೋಯಿತು. ಬಟ್ಟಲಿನಲ್ಲಿ ಆರಿಹೋಗಿದ್ದ ಗಂಜಿಯನ್ನು ತಾನೇ ಕುಡಿದಳು. ಅವನು ಹಸಿವು ಎನ್ನಲಿಲ್ಲ.

ಪಟ್ಟಿ ಬಿಚ್ಚಿದ ದಿನ ವೃಷಭೇಂದ್ರಪ್ಪನಿಗೆ ಕಿಟಕಿ ಕಂಡಿತು, ಚನ್ನಾಜಮ್ಮನ ಬೆರಳು ಕಂಡವು, ಹೆಂಡತಿ ಬೆಳ್ಳಗೆ ಮಸುಕಾಗಿ ಕಂಡಳು. ವಾರಗಳ ಮೇಲೆ ಸೋಡಾ ಬುಡ್ಡಿಯಂಥ ಕನ್ನಡಕ ಬಂತು. ಅದನ್ನು ಹಾಕಿಕೊಳ್ಳಲು ವೀರಮ್ಮನೊಡನೆ ಕೊಳ್ಳೇಗಾಲಕ್ಕೆ ಹೋದಾಗ ಚನ್ನಾಜಮ್ಮ ಅವನ ಕೈಗೆ ಕಡ್ಡಿ, ಹತ್ತಿ ಕೊಟ್ಟಳು. “ಈಗ ಕಾಣಿಸ್ತದಲ್ಲ. ಇವರ ಕಿವಿ ಇವರಿಗೇ ಕಾಣಲ್ಲ. ನೀವೇ ಒರೆಸ್ಬೇಕು.” ಹತ್ತಿಯನ್ನು ಕಡ್ಡಿಯ ತುದಿ ಮುಚ್ಚುವಂತೆ ಸುತ್ತುವುದು, ಕಿವಿಯ ಹಾಲೆಯನ್ನು ಹಿಂದಕ್ಕೆ ಮೇಲಕ್ಕೆ ಎಳೆಯುವುದು, ಚುಚ್ಚದೆ ಒರೆಸುವುದು, ಒಂದೊಂದನ್ನೂ ಮಾಡಿಸಿ ನೋಡಿದಳು. ಊರ ನ್ಯಾಯ ಹೇಳುತ್ತಿದ್ದವನ ಕೈ ಒಂದು ಹತ್ತಿ ಸುತ್ತಲು ಬೆವರಿತು.

ಊರಿಗೆ ಬಂದರೆ ದೊಡ್ಡಬಸಮ್ಮ ಹಾಜರು. ಮಗನ ಮನೆಯಲ್ಲಿ ಸೊಸೆ ಬೀಗದ ಕೈ ಕೊಡಲಿಲ್ಲವಂತೆ. ಇಲ್ಲಿಯ ಬೀಗದ ಕೈಯೂ ಈಗ ವೀರಮ್ಮನ ಸೊಂಟದಲ್ಲಿತ್ತು.

ಬೆಳಗಿನ ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ವೀರಮ್ಮ ಎಡಗಿವಿ ಮುಂದೆ ಮಾಡಿ ಕೂರುತ್ತಿದ್ದಳು, ವೃಷಭೇಂದ್ರಪ್ಪ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಡ್ಡಿ ಹಿಡಿಯುತ್ತಿದ್ದ. ಸೋರುವುದು ಕಡಿಮೆಯಾಗುತ್ತ ಬಂದಿತ್ತು. ಒಂದು ದಿನ ಬೀದಿಯಲ್ಲಿ ಹೋಗುತ್ತಿದ್ದ ಗುರುಸಿದ್ದಯ್ಯ ನಿಂತು ಹಲ್ಲು ಕಿಸಿದ.

“ಏನ್ ಯಜಮಾನ್ರೇ, ಎಂಡ್ತಿ ಕಿವಿ ಕ್ಲೀನು ಮಾಡೋ ಕೆಲ್ಸಕ್ಕೆ ಸೇರ್ಕಂಡ್ರಾ?”

“ಓಗ್ಲಾ! ನಿನ್ನ…” ಎಂದು ವೃಷಭೇಂದ್ರಪ್ಪ ಅಬ್ಬರಿಸಿದ. ಕಿವಿಯೊಳಗಿನ ಕಡ್ಡಿ ಅಲ್ಲಾಡಿತು.

“ಅಯ್ಯೋ! ಕೂಗಂಗಿದ್ರೆ ಮೊದ್ಲು ಕೈ ತಗೀರಿ!” ಎಂದಳು ವೀರಮ್ಮ.

ಅವನು ಕೈ ತೆಗೆದ. ಆಮೇಲೆ ಕೂಗಿದ.